ವಿಲ್ನಿಯಸ್‌ನಲ್ಲಿ ಕಂಡ ಎರಡನೆಯ ಮಿಡಿತ

ಮುಂಬೈ

ಮುಂಬೈ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಅರ್ಧ ಗಂಟೆ ನಿಲ್ಲಿಸಿದ್ದು ‘ಸೆಲ್’ ಎಂಬ ಒಂದೇ ಒಂದು ಪದ.

ನಾವೆಂದರೆ ಇಬ್ಬರು. ನಾನು ತಿಕೋಂಡಿಯ ರೇಣುಕಾ, ಗಡಿನಾಡಿನ ಜತ್ತದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಜೊತೆಗಿದ್ದವರು ಯಳವಿಯ ಶಿವಲೀಲಾ ಅಕ್ಕಾರು. ಅದೇ ಕಾಲೇಜಿನಲ್ಲಿ ಜೀವಶಾಸ್ತ್ರದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಇಬ್ಬರೂ ಸೇರಿ ಮೂರು ವರ್ಷದಿಂದ ದ್ರಾಕ್ಷಿಗೆ ಕರೆಂಟು ಕೊಡುವ ಕೆಲಸ ಮಾಡುತ್ತಿದ್ದೇವೆ. ಕೇಳಿದವರು ನಗುತ್ತಾರೆ, ನಗಲಿ. ಅತಿ ಕಡಿಮೆ ಹೊತ್ತಿನ, ಅತಿ ಜೋರಿನ ಒಂದು ವಿದ್ಯುತ್ ಮಿಡಿತ ಕೊಟ್ಟರೆ ಜೀವಕೋಶದ ಪೊರೆಯಲ್ಲಿ ಕಣ್ಣಿಗೆ ಕಾಣದಂಥ ತೂತುಗಳು ಬೀಳುತ್ತವೆ. ಹಣ್ಣು ಬೇಯುವುದಿಲ್ಲ, ಸುಡುವುದಿಲ್ಲ. ಒಳಗಿನ ನೀರು ಮಾತ್ರ ಬೇಗ ಹೊರಗೆ ಬರುತ್ತದೆ. ನಮ್ಮ ಕಡೆಯ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳಿಗೆ ಇದು ಉಪಯೋಗಕ್ಕೆ ಬಂದೀತು ಎಂಬ ಆಸೆ. ನಾನು ಮಿಡಿತ ಹುಟ್ಟಿಸುವ ಯಂತ್ರ ಕಟ್ಟಿದೆ, ಅಕ್ಕಾರು ಕೋಶಗಳನ್ನು ನೋಡಿಕೊಂಡರು. ಲಿಥುವೇನಿಯಾದ ವಿಲ್ನಿಯಸ್ ಊರಿನ ಒಂದು ಪ್ರಯೋಗಶಾಲೆ ಇಂಥ ಮಿಡಿತಗಳು ಕೋಶಗಳಿಗೆ ಏನು ಮಾಡುತ್ತವೆ ಎಂಬುದನ್ನು ಅಳೆಯುವುದರಲ್ಲಿ ಪಳಗಿದ್ದು. ಅಲ್ಲಿನ ಪ್ರೊಫೆಸರ್ ಡಾನುಟೆ ನಮ್ಮ ಪತ್ರ ಓದಿ, ಎರಡು ವಾರ ಬಂದು ನಮ್ಮ ಜೊತೆ ಅಳೆಯಿರಿ ಎಂದು ಕರೆದಿದ್ದರು.

ಅಕ್ಕಾರ ಕೈಚೀಲದಲ್ಲಿ ಒಂದು ಹಿತ್ತಾಳೆಯ ಸಾಮಾನಿತ್ತು. ಜತ್ತದ ಲೇಥಿನವರು ಮಾಡಿಕೊಟ್ಟದ್ದು. ಎರಡು ತಗಡು, ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಕೋಶಗಳನ್ನಿಟ್ಟು ಮಿಡಿತ ಕೊಡುವುದು. ತಪಾಸಣೆಯ ಅಧಿಕಾರಿ ಅದನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಅಕ್ಕಾರು, ಇದರಿಂದ ಸೆಲ್‌ಗಳಿಗೆ ಶಾಕ್ ಕೊಡುತ್ತೇವೆ ಎಂದರು. ಹಾಗಾದರೆ ಬ್ಯಾಟರಿ ಎಲ್ಲಿದೆ ಎಂದು ಆತ ಕೇಳಿದರು. ಬ್ಯಾಟರಿ ಸೆಲ್ ಅಲ್ಲ, ಜೀವಂತ ಸೆಲ್ ಎಂದು ಅಕ್ಕಾರು ತಿದ್ದಿದರು. ಅಲ್ಲಿಗೆ ಇನ್ನಿಬ್ಬರು ಅಧಿಕಾರಿಗಳು ಬಂದು ನಿಂತರು. ನಾನು ಕೈಯಲ್ಲಿ ಚಿತ್ರ ಬರೆದು, ದ್ರಾಕ್ಷಿ, ಮಣೂಕ ಎಂದೆಲ್ಲ ಮರಾಠಿಯಲ್ಲಿ ವಿವರಿಸಿದೆ. ಜತ್ತದ ಹೆಸರು ಕೇಳುತ್ತಲೇ ಮೊದಲನೆಯವರ ಮುಖ ಸಡಿಲಾಯಿತು. ಅವರ ಅತ್ತೆಯ ಮನೆ ಜತ್ತದಲ್ಲೇ ಅಂತೆ. ಅತ್ತೆಯ ಕ್ಷೇಮ ಸಮಾಚಾರವೆಲ್ಲ ಹೇಳಿದರು. ಆದರೆ ಹಿತ್ತಾಳೆಯನ್ನು ಮಾತ್ರ ಕೈಚೀಲದಲ್ಲಿ ಬಿಡಲಿಲ್ಲ. ಅದು ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಚೀಲಕ್ಕೆ, ಎಣ್ಣೆ ಬಿಡುವ ಅಗಸಿ ಹಿಂಡಿಯ ಚಟ್ನಿಪುಡಿ ಮತ್ತು ಸಜ್ಜಿ ರೊಟ್ಟಿಗಳ ನಡುವೆ ಹೋಯಿತು.

ವಿಲ್ನಿಯಸ್, ಬಂದ ದಿನ

ಆ ದೊಡ್ಡ ಚೀಲ ವಿಲ್ನಿಯಸ್ ತಲುಪಲಿಲ್ಲ. ಚೀಲಗಳು ಬರುವ ಬೆಲ್ಟು ಸುತ್ತಿ ಸುತ್ತಿ ಖಾಲಿಯಾಗಿ ನಿಂತಿತು. ನಡುವೆ ವಿಮಾನ ಬದಲಿಸಿದಲ್ಲಿ ಎಲ್ಲೋ ಉಳಿದಿತ್ತು. ಬಟ್ಟೆಯಿಲ್ಲ, ರೊಟ್ಟಿಯಿಲ್ಲ, ಹಿತ್ತಾಳೆಯೂ ಇಲ್ಲ. ನಮ್ಮನ್ನು ಕರೆದೊಯ್ಯಲು ಪ್ರೊಫೆಸರ್ ಡಾನುಟೆ ತಾವೇ ಕಾರು ತಂದಿದ್ದರು. ಅರವತ್ತರ ಆಸುಪಾಸಿನ, ಎತ್ತರದ ಹೆಂಗಸು. ಚಳಿಗೆ ನಡುಗುತ್ತಿದ್ದ ನನ್ನ ಮೇಲೆ ತಮ್ಮ ಕೋಟು ಹೊದಿಸಿದರು. ಜೂನ್ ತಿಂಗಳ ಬೇಸಿಗೆಯಂತೆ ಅದು! ಅವರ ಮೊಣಕಾಲಿಗೆ ಬರುವ ಕೋಟು ನನ್ನ ಪಾದ ಮುಟ್ಟಿತು. ಆ ವಾರವಿಡೀ ನಾನು ಅದರಲ್ಲೇ ಓಡಾಡಿದೆ.

ಆ ಭಾಷೆಯಲ್ಲಿ ಕೃತಜ್ಞತೆ ಹೇಳುವ ಮಾತು ‘ಆಚೂ’. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಾಗಿಲು ಹಿಡಿದು ನಿಂತಾಗ, ಎಲ್ಲ ಕಡೆ ಜನ ಸೀನುತ್ತಿರುವಂತೆ ನಮಗೆ ಕೇಳಿಸುತ್ತಿತ್ತು. ಅಕ್ಕಾರಿಗೆ ಚಳಿಯಿಂದ ನಿಜವಾಗಿ ಸೀನು ಬಂದಾಗ ಎದುರಿನವರು ಮುಗುಳ್ನಕ್ಕು ತಲೆ ಬಾಗಿಸಿದರು.

ಅಷ್ಟು ಬಿಟ್ಟರೆ ಜನ ಮಾತೇ ಆಡುವುದಿಲ್ಲ. ಜತ್ತದಿಂದ ತಿಕೋಂಡಿಗೆ ಎಸ್‌ಟಿ ಬಸ್ಸಿನಲ್ಲಿ ಹೋದರೆ ಎರಡನೆಯ ನಿಲ್ದಾಣದೊಳಗೆ ಪಕ್ಕದವರಿಗೆ ನಿಮ್ಮ ಮನೆತನ, ಮಕ್ಕಳೆಷ್ಟು, ಯಾರಿಗೆ ಮೈಯಲ್ಲಿ ಚಲೋ ಇಲ್ಲ ಎಲ್ಲವೂ ಗೊತ್ತಾಗಿರುತ್ತದೆ. ಇಲ್ಲಿ ತುಂಬಿದ ಬಸ್ಸಿನಲ್ಲಿ ನಲವತ್ತು ಜನ ಕಿಟಕಿ ನೋಡುತ್ತ ನಿಂತಿರುತ್ತಾರೆ. ಯಾರೋ ತೀರಿಕೊಂಡಿರಬೇಕು ಎಂದು ಮೊದಲ ದಿನ ಅಕ್ಕಾರು ದನಿ ತಗ್ಗಿಸಿದ್ದರು. ಎರಡು ದಿನ ಕಳೆದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ದಿನವೂ ಅದೇ ಬಸ್ಸಿಗೆ ಬರುವ ಒಬ್ಬ ಅಜ್ಜಿಯ ಪಕ್ಕ ಕುಳಿತು ಕನ್ನಡದಲ್ಲೇ ಮಾತು ಶುರು ಮಾಡಿದರು. ಅಜ್ಜಿ ಬೆಚ್ಚಿದರು, ಆಮೇಲೆ ತಮ್ಮ ಭಾಷೆಯಲ್ಲಿ ಉತ್ತರಿಸಿದರು. ಐದು ನಿಲ್ದಾಣದವರೆಗೆ ಇಬ್ಬರೂ ಮಾತಾಡಿದರು. ಏನು ಹೇಳಿದರು ಎಂದು ಕೇಳಿದೆ.

“ಮಂಡಿ ನೋವಂತವಾ, ಮತ್ತೇನು,” ಅಂದರು ಅಕ್ಕಾರು.

ಊಟದ ಚಿಂತೆ ಅವರಿಗೇ ಹೆಚ್ಚು. ಲಿಂಗ ಕಟ್ಟಿದವರು, ಮಾಂಸ ಮೊಟ್ಟೆ ಇಲ್ಲ. ಕಪ್ಪು ರೊಟ್ಟಿ ಮತ್ತು ಗುಲಾಬಿ ಬಣ್ಣದ ತಣ್ಣನೆಯ ಸಾರು ಅವರನ್ನು ಕಾಪಾಡಿದವು. ಮಜ್ಜಿಗೆಯಲ್ಲಿ ಬೀಟ್‌ರೂಟ್ ಮತ್ತು ಸೌತೆಕಾಯಿ ಕಲಸಿದ ಆ ಸಾರಿನ ಮೇಲೆ ತೇಲುವ ಮೊಟ್ಟೆಯನ್ನು ಬಿಡಿ ಎಂದು ಹೇಳುವುದನ್ನು ನಾವು ಮೊದಲ ದಿನವೇ ಕಲಿತೆವು. ಸಂಜೆಯ ಪೂಜೆಯದು ಇನ್ನೊಂದು ಪಜೀತಿ. ದೀಪ ಹಚ್ಚುವ ಹೊತ್ತಾಗಲಿ ಎಂದು ಅಕ್ಕಾರು ಕಾಯುತ್ತಲೇ ಇದ್ದರು, ಸೂರ್ಯ ಹತ್ತು ಗಂಟೆಯಾದರೂ ಇಳಿಯಲಿಲ್ಲ. ಮರುದಿನದಿಂದ ಅವರು ಜತ್ತದ ಗಡಿಯಾರ ಹಿಡಿದರು. ಅಲ್ಲಿ ಸಂಜೆ ಏಳಾದಾಗ, ಇಲ್ಲಿ ನಾಲ್ಕೂವರೆಗೇ ಪೂಜೆ.

ನೆಲಮಾಳಿಗೆಯಲ್ಲಿ

ಪ್ರಯೋಗಶಾಲೆ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಲ್ಲಿ ನಮ್ಮನ್ನು ನೋಡಿಕೊಳ್ಳಲು ಡಾನುಟೆ ತಮ್ಮ ಸಂಶೋಧಕ ರಿಮಾಸ್‌ಗೆ ಹೇಳಿದ್ದರು. ಮೂವತ್ತರ ಪ್ರಾಯ, ತೆಳು ಗಡ್ಡ, ಪ್ರತಿ ಉಪಕರಣದ ಮೇಲೂ ಅಚ್ಚುಕಟ್ಟಾದ ಚೀಟಿ ಅಂಟಿಸುವ ಮನುಷ್ಯ. ನಮ್ಮ ಹಿತ್ತಾಳೆ ಇನ್ನೂ ಬಂದಿರಲಿಲ್ಲವಾದ್ದರಿಂದ, ಅದು ಬರುವವರೆಗೆ ತನ್ನ ಅಳತೆಗಳನ್ನೇ ನೋಡಿ ಎಂದ.

ಅವನ ಮಿಡಿತ ಹತ್ತು ನ್ಯಾನೊಸೆಕೆಂಡಿನದು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು. ಅಷ್ಟರಲ್ಲಿ ಬೆಳಕು ಕೂಡ ಮೂರು ಮೀಟರ್ ಮಾತ್ರ ಓಡಬಲ್ಲದು. ಕೋಶಗಳಿರುವ ನೀರಿಗೆ ಒಂದು ಬಣ್ಣ ಬೆರೆಸಿರುತ್ತಾರೆ. ಪೊರೆ ಗಟ್ಟಿಯಿದ್ದರೆ ಬಣ್ಣ ಹೊರಗೇ ಇರುತ್ತದೆ. ಮಿಡಿತದಿಂದ ತೂತು ಬಿದ್ದರೆ ಒಳಗೆ ನುಗ್ಗಿ, ಸೂಕ್ಷ್ಮದರ್ಶಕದಲ್ಲಿ ಕೋಶ ಹಸಿರಾಗಿ ಬೆಳಗುತ್ತದೆ. ಎಷ್ಟು ಬೆಳಗಿದವು ಎಂದು ಎಣಿಸುವುದೇ ಅಳತೆ.

ರಿಮಾಸ್‌ನ ಕೋಶಗಳು ಬೆಳಗುತ್ತಿರಲಿಲ್ಲ. ನೂರಕ್ಕೆ ಒಂದೋ ಎರಡೋ. ಅದೇ ಅವನ ಹೊಸ ಶೋಧ. ಈ ಜಾತಿಯ ಕೋಶಗಳು ಹಟಮಾರಿ, ಇಷ್ಟು ಚಿಕ್ಕ ಮಿಡಿತಕ್ಕೆ ಬಾಗಿಲು ತೆರೆಯುವುದಿಲ್ಲ ಎಂಬುದು ಅವನ ಪ್ರಬಂಧದ ತಿರುಳು. ಅಕ್ಕಾರು ಇಡೀ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತರು. ಸಂಜೆ ಬಸ್ಸಿನಲ್ಲಿ ನನಗೆ ಹೇಳಿದರು:

“ಕೋಶ ಭಾಳ ಆರೋಗ್ಯ ಅದಾವು ರೇಣುಕಾ. ಗುಂಡಗ, ತುಂಬಿಕೊಂಡು, ಹೊಳೀತಾವು. ಇಂಥಾವು ಹಟಾ ಹಿಡಿಯೂದು ನನಗ ನಂಬಿಕಿ ಬರವಲ್ದು.”

ಅಕ್ಕಾರಿಗೆ ನಂಬಿಕೆ ಬಾರದ್ದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಾವು ಅತಿಥಿಗಳು, ಬಂದು ಮೂರು ದಿನವಾಗಿತ್ತು. ಸುಮ್ಮನಿದ್ದೆವು.

ಭಾನುವಾರ, ಹೊಲದ ಮನೆ

ಭಾನುವಾರ ಡಾನುಟೆ ನಮ್ಮನ್ನೂ ರಿಮಾಸ್‌ನನ್ನೂ ಊರಾಚೆಯ ತಮ್ಮನ ಹೊಲಕ್ಕೆ ಕರೆದೊಯ್ದರು. ಅಲ್ಲಿ ಕುರಿಗಳಿದ್ದವು, ಉಣ್ಣೆ ಕತ್ತರಿಸುವ ದಿನ. ನಮ್ಮಪ್ಪನ ಹಟ್ಟಿಯಲ್ಲಿ ನೂರರ ಮೇಲೆ ಕುರಿಗಳಿವೆ ಎಂದು ನಾನು ಹೇಳಿದ್ದೇ ತಡ, ಡಾನುಟೆ ಖುಷಿಯಿಂದ, ಕುರಿಗೆ ನಮ್ಮ ಭಾಷೆಯಲ್ಲಿ ‘ಅವಿಸ್’ ಎನ್ನುತ್ತೇವೆ, ನಿಮ್ಮ ಸಂಸ್ಕೃತದಲ್ಲಿ ‘ಅವಿ’, ಎರಡೂ ಅಕ್ಕತಂಗಿ ಎಂದರು. ನಮ್ಮಲ್ಲಿ ಕನ್ನಡದಲ್ಲಿ ಕುರಿ, ಮರಾಠಿಯಲ್ಲಿ ಮೇಂಢಿ, ಸಂಸ್ಕೃತ ಇನ್ನೂ ತಿಕೋಂಡಿಯ ಹಟ್ಟಿಯವರೆಗೆ ಬಂದಿಲ್ಲ ಎಂದು ಹೇಳಬೇಕಾಯಿತು. ಅವರು ಸ್ವಲ್ಪ ಪೆಚ್ಚಾದರು.

ಆಗ ಒಂದು ಕುರಿ ಕತ್ತರಿಯ ಕೆಳಗಿಂದ ತಪ್ಪಿಸಿಕೊಂಡು, ಅರ್ಧ ಮೈ ಬೋಳು ಅರ್ಧ ಮೈ ಉಣ್ಣೆಯಾಗಿ ಹುಲ್ಲಿನಲ್ಲಿ ಓಡಿತು. ನಾನು ನಾಲಿಗೆ ಮಡಚಿ ಅಪ್ಪ ಹಾಕುವ ಸಿಳ್ಳು ಹಾಕಿದೆ. ಹೊಲದಲ್ಲಿದ್ದ ಎಲ್ಲ ಕುರಿಗಳೂ ತಲೆ ಎತ್ತಿ ನನ್ನನ್ನು ನೋಡಿದವು, ಓಡುತ್ತಿದ್ದದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಡಾನುಟೆಯವರ ಕೋಟನ್ನು ಮೇಲೆ ಕಟ್ಟಿಕೊಂಡು ಓಡಿ, ಹಿಂಗಾಲು ಹಿಡಿದು ಕೆಡವಿದೆ. ಅವರ ತಮ್ಮ ಮಾತಿಲ್ಲದ ಮನುಷ್ಯ. ಬಂದು ನನ್ನ ಕೈ ಕುಲುಕಿ ಕತ್ತರಿಯನ್ನೇ ನನ್ನ ಕೈಗೆ ಕೊಟ್ಟರು. ನಾಲ್ಕು ಕುರಿ ಕತ್ತರಿಸಿದೆ. ಪರದೇಶದಲ್ಲಿ ನನ್ನ ಕೈಗೆ ಗೊತ್ತಿದ್ದ ಕೆಲಸ ಸಿಕ್ಕದ್ದು ಅದೇ ಮೊದಲು.

ಬೇಲಿಯ ಹತ್ತಿರ ಚಹಾ ಕುಡಿಯುವಾಗ ರಿಮಾಸ್ ಮೊದಲ ಸಲ ತನ್ನ ಬಗ್ಗೆ ಮಾತಾಡಿದ. ಬರುವ ಶುಕ್ರವಾರ ಅವನ ಭಾಷಣ. ಇಡೀ ವಿಭಾಗ ಬರುತ್ತದೆ. ಅದಾದ ಮೇಲೆ ಪ್ರಬಂಧ ಒಪ್ಪಿಸಲು ಅನುಮತಿ. ಎರಡು ವರ್ಷದ ಹಿಂದೆ ಮೇಲಿನ ಮಹಡಿಯಲ್ಲಿದ್ದಾಗ ಕೋಶಗಳು ಚೆನ್ನಾಗಿ ಬೆಳಗುತ್ತಿದ್ದವಂತೆ. ಅದು ಬೇರೆ ಜಾತಿಯ ಕೋಶ. ನೆಲಮಾಳಿಗೆಗೆ ಬಂದ ಮೇಲೆ ಈ ಹೊಸ ಜಾತಿ ಹಿಡಿದದ್ದು, ಅದರಿಂದಲೇ ಈ ಶೋಧ ಸಿಕ್ಕಿದ್ದು ಎಂದ. ಹೇಳುವಾಗ ಅವನ ಮುಖದಲ್ಲಿ ಮದುವೆ ನಿಶ್ಚಯವಾದವರ ಕಳೆ ಇತ್ತು.

ಸೋಮವಾರ

ಸೋಮವಾರ ಬೆಳಿಗ್ಗೆ ಚೀಲ ಬಂತು. ತೆರೆದರೆ ಅಗಸಿ ಹಿಂಡಿಯ ಪೊಟ್ಟಣ ಒಡೆದು ಸೀರೆ, ರೊಟ್ಟಿ, ಹಿತ್ತಾಳೆ ಎಲ್ಲದಕ್ಕೂ ಮೆತ್ತಿಕೊಂಡಿತ್ತು. ಅಕ್ಕಾರು ಹಿಂಡಿಯನ್ನು ಚಮಚದಿಂದ ಬಳಿದು ಡಬ್ಬಿ ತುಂಬಿದರು. ನಾನು ಹಿತ್ತಾಳೆ ಒರೆಸಿ ಪ್ರಯೋಗಶಾಲೆಗೆ ಒಯ್ದೆ. ಸಂದಿನೊಳಗೆ ಇನ್ನೂ ಹಿಂಡಿ ಉಳಿದಿತ್ತು. ಅದನ್ನು ತೆಗೆಯುತ್ತ ಬೆರಳೆಲ್ಲ ಎಣ್ಣೆಯಾಯಿತು.

ನಮ್ಮದನ್ನು ಜೋಡಿಸುವ ಮೊದಲು ರಿಮಾಸ್‌ನ ಮಿಡಿತದ ಆಕಾರವನ್ನು ಒಮ್ಮೆ ಬರೆದಿಟ್ಟುಕೊಳ್ಳೋಣ ಎಂದುಕೊಂಡೆ. ಅವನು ಊಟಕ್ಕೆ ಹೋಗಿದ್ದ, ಉಪಕರಣ ಬಳಸಲು ಅನುಮತಿ ಕೊಟ್ಟಿದ್ದ. ಮಿಡಿತವನ್ನು ತೋರಿಸುವ ಪರದೆ ಬೆರಳು ತಾಗಿಸಿದರೆ ನಡೆಯುವಂಥದ್ದು. ಅದರಲ್ಲಿ ಸದಾ ಇಪ್ಪತ್ತು ನ್ಯಾನೊಸೆಕೆಂಡಿನಷ್ಟು ಹೊತ್ತು ಮಾತ್ರ ಕಾಣುತ್ತಿತ್ತು, ನಡುವೆ ಒಂದು ಚೆಂದದ ಗುಡ್ಡ. ನಾನು ಅದನ್ನು ಸ್ವಲ್ಪ ಸರಿಸಲು ಹೋದೆ. ಎಣ್ಣೆಯ ಬೆರಳು ಜಾರಿತು. ಪರದೆಯ ಮೇಲಿನ ಹೊತ್ತು ಇಪ್ಪತ್ತರಿಂದ ನೂರಕ್ಕೆ ಹಿಗ್ಗಿತು. ಗುಡ್ಡ ಚಿಕ್ಕದಾಗಿ ಎಡಕ್ಕೆ ಸರಿಯಿತು. ಅದರ ಬಲಕ್ಕೆ, ದೂರದಲ್ಲಿ, ಇನ್ನೊಂದು ಆಕಾರ ಕಂಡಿತು. ತಲೆಕೆಳಗಾದ ಗುಡ್ಡ.

ಏನೋ ಕೆಡಿಸಿದೆ ಎಂದುಕೊಂಡೆ. ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಬೆರಳು ತೊಳೆದು ಬಂದು ಐದು ಸಲ ಮಿಡಿತ ಕೊಟ್ಟೆ. ಐದೂ ಸಲ ಎರಡನೆಯದು ಬಂತು, ಸರಿಯಾಗಿ ನಲವತ್ತು ನ್ಯಾನೊಸೆಕೆಂಡು ತಡವಾಗಿ. ಆಗ ಯಂತ್ರದಿಂದ ಸೂಕ್ಷ್ಮದರ್ಶಕದವರೆಗಿನ ಕೇಬಲ್ಲನ್ನು ಅಳೆದೆ. ನಾಲ್ಕು ಮೀಟರ್. ಕೇಬಲ್ಲಿನಲ್ಲಿ ಮಿಡಿತ ನ್ಯಾನೊಸೆಕೆಂಡಿಗೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಓಡುತ್ತದೆ. ಕೋಶಗಳ ಬಳಿ ಮುಟ್ಟಿದ ಮಿಡಿತದ ಒಂದು ಪಾಲು ಯಂತ್ರಕ್ಕೆ ಹಿಂತಿರುಗಿ, ಅಲ್ಲಿಂದ ಪುಟಿದು ಮತ್ತೆ ಕೋಶಗಳಿಗೆ ಬರಬೇಕಾದರೆ ಎಂಟು ಮೀಟರ್, ನಲವತ್ತು ನ್ಯಾನೊಸೆಕೆಂಡು. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಅಂದರೆ ಆ ಕೋಶಗಳು ಒಂದಲ್ಲ, ಎರಡು ಮಿಡಿತ ತಿನ್ನುತ್ತಿದ್ದವು. ಎರಡನೆಯದು ಉಲ್ಟಾ. ಮೊದಲನೆಯದು ಮಾಡಿದ ಕೆಲಸವನ್ನು ಉಲ್ಟಾ ಮಿಡಿತ ಅಳಿಸಿಬಿಡಬಲ್ಲದು ಎಂದು ನಾವಿಬ್ಬರೂ ಓದಿದ್ದೆವು. ಕೋಶಗಳು ಹಟಮಾರಿಗಳಲ್ಲ. ಮೇಲಿನ ಮಹಡಿಯಲ್ಲಿ ಯಂತ್ರ ಪಕ್ಕದಲ್ಲೇ ಇತ್ತಂತೆ, ಇಲ್ಲಿ ಜಾಗವಿಲ್ಲದೆ ಗೋಡೆಯಾಚೆ ಇಟ್ಟು ಉದ್ದ ಕೇಬಲ್ ಎಳೆದಿದ್ದರು. ಆಮೇಲೆ ಇಪ್ಪತ್ತರಾಚೆ ಯಾರೂ ನೋಡಿರಲಿಲ್ಲ.

ಅಕ್ಕಾರಿಗೆ ತೋರಿಸಿದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ನಾನು, ಏನೂ ಹೇಳದೆ ನಮ್ಮ ಕೆಲಸ ಮುಗಿಸಿ ಹೋದರೂ ಯಾರಿಗೂ ತಿಳಿಯುವುದಿಲ್ಲ ಎಂದೆ. ಅಂದದ್ದಕ್ಕೆ ಈಗಲೂ ನಾಚಿಕೆಯಿದೆ.

“ಕಂಡದ್ದನ್ನ ಕಂಡಂಗ ಹೇಳಬೇಕವಾ. ಆದ್ರ ಮೊದಲ ಅಂವಗ ಹೇಳು, ಒಬ್ಬಾಂವಗ. ಡಾನುಟೆ ಬಾಯಾರ ಮುಂದ ಹೇಳಿ ಅಂವನ ಮಾರಿ ಸಣ್ಣದು ಮಾಡಬ್ಯಾಡ.”

ರಿಮಾಸ್ ಊಟ ಮುಗಿಸಿ ಬಂದ. ಪರದೆ ತೋರಿಸಿದೆ, ಅಳತೆಪಟ್ಟಿ ಕೈಗೆ ಕೊಟ್ಟೆ. ಅವನು ತಾನೇ ಕೇಬಲ್ ಅಳೆದ. ನನಗಿಂತ ಬೇಗ ಲೆಕ್ಕ ಹಾಕಿದ. ಆಮೇಲೆ ಅಳತೆಪಟ್ಟಿಯನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟ. ಆಚೂ ಎಂದ. ಜಾಕೀಟು ತೆಗೆದುಕೊಂಡು ಹೊರಗೆ ಹೋದ.

ಮಂಗಳವಾರ, ಬುಧವಾರ

ಮಂಗಳವಾರ ರಿಮಾಸ್ ಬರಲಿಲ್ಲ. ಫೋನಿಗೂ ಸಿಗಲಿಲ್ಲ. ಡಾನುಟೆ ಬಂದು, ಎಲ್ಲಿ ಅವನು ಎಂದು ಕೇಳಿದಾಗ, ನಿನ್ನೆ ಮಧ್ಯಾಹ್ನ ಹೋದವನು ಬಂದಿಲ್ಲ ಎಂದಷ್ಟೇ ಹೇಳಿದೆವು. ಅದು ನಿಜವೇ. ಒಬ್ಬ ಮನುಷ್ಯನ ಎರಡು ವರ್ಷವನ್ನು ಒಂದು ಬೆರಳಿನಿಂದ ಒರೆಸಿ ಹಾಕಿದೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ಅಕ್ಕಾರು ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಸಣ್ಣ ಮಕ್ಕಳಿಗೆ ಕೊಡುವಂತೆ ನನ್ನ ಕೈಯಲ್ಲಿಟ್ಟರು.

ಬುಧವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ನೆಲಮಾಳಿಗೆಯ ಬಾಗಿಲು ತೆರೆದಿತ್ತು. ರಿಮಾಸ್ ಮೈಯೆಲ್ಲ ಧೂಳಾಗಿ ನೆಲದ ಮೇಲೆ ಕುಳಿತಿದ್ದ. ಆ ಭಾರದ ಯಂತ್ರವನ್ನು ಗೋಡೆಯಾಚೆಯಿಂದ ತಂದು ಸೂಕ್ಷ್ಮದರ್ಶಕದ ಪಕ್ಕ ಕೂರಿಸಿದ್ದ. ಕೇಬಲ್ ಈಗ ಗೇಣುದ್ದ. ಮಂಗಳವಾರ ಎಲ್ಲಿದ್ದೆ ಎಂದು ನಾವು ಕೇಳಲಿಲ್ಲ, ಅವನೇ ಹೇಳಿದ: ಡಾನುಟೆಯವರ ತಮ್ಮನ ಹೊಲದಲ್ಲಿ ಬೇಲಿಗೆ ಗೂಟ ಹೊಡೆದನಂತೆ, ದಿನವಿಡೀ. ಆ ತಮ್ಮ ಒಂದು ಮಾತೂ ಆಡಲಿಲ್ಲವಂತೆ, ಅದೇ ದೊಡ್ಡ ಉಪಕಾರವಾಯಿತಂತೆ. ಬೆಳಿಗ್ಗೆ ಮೊದಲು ಡಾನುಟೆಯವರ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದ.

ಡಾನುಟೆ ಹತ್ತು ಗಂಟೆಗೆ ಬಂದರು. ಕೋಣೆಯಲ್ಲಿ ನಾಲ್ವರೂ ನಿಂತೆವು. ಅಕ್ಕಾರು ಕೋಶಗಳನ್ನು ತುಂಬಿದರು. ದೀಪ ಆರಿಸಿ ರಿಮಾಸ್ ಒಂದೇ ಒಂದು ಮಿಡಿತ ಕೊಟ್ಟ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ, ಮತ್ತೆ ಹತ್ತು, ಮತ್ತೆ ಪರದೆಯ ತುಂಬ. ಎಣಿಸುವ ಅಗತ್ಯವೇ ಇರಲಿಲ್ಲ. ಡಾನುಟೆ ರಿಮಾಸ್‌ನ ಹೆಗಲ ಮೇಲೆ ಕೈಯಿಟ್ಟು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವನು ಮೊದಲು ಕಣ್ಣೊರೆಸಿಕೊಂಡ, ಆಮೇಲೆ ನಕ್ಕ.

ಅವರು ಹೇಳಿದ್ದೇನು ಎಂದು ಆಮೇಲೆ ಕೇಳಿದೆ. ಇನ್ನೂ ಒಂದು ವರ್ಷ ನಿನ್ನನ್ನು ನಾನೇ ಸಾಕಬೇಕಲ್ಲಪ್ಪ, ಎಂದಿದ್ದರಂತೆ.

ಶುಕ್ರವಾರ

ಶುಕ್ರವಾರದ ಭಾಷಣವನ್ನು ಮುಂದೂಡಬಹುದಿತ್ತು. ಡಾನುಟೆ ಹಾಗೆಯೇ ಹೇಳಿದರು. ರಿಮಾಸ್ ಬೇಡ ಎಂದ. ದೊಡ್ಡ ಕೋಣೆ ತುಂಬಿತ್ತು. ಇಂಥವೇ ಮಿಡಿತಗಳ ಮೇಲೆ ಕೆಲಸ ಮಾಡುವ ಬೇರೆ ಬೇರೆ ಗುಂಪಿನವರು, ಬಿಳಿಗೂದಲಿನ ಹಿರಿಯರು ಮುಂದಿನ ಸಾಲಿನಲ್ಲಿ. ಹೊರಗೆ ಪಡಸಾಲೆಯಲ್ಲಿ ಚಹಾ, ಕಾಫಿ, ಮೂರು ಬಗೆಯ ಕೇಕು ಜೋಡಿಸಿದ್ದರು.

ಅವನು ಮೊದಲ ಚಿತ್ರವಾಗಿ ಪರದೆಯ ಫೋಟೊ ಹಾಕಿದ. ಒಂದು ಗುಡ್ಡ, ಅದರ ಬಲಕ್ಕೆ ತಲೆಕೆಳಗಾದ ಇನ್ನೊಂದು.

“ಇವತ್ತು ನಾನು ನಿಮಗೆ ಹೇಳಬೇಕೆಂದಿದ್ದದ್ದೆಲ್ಲ ತಪ್ಪು,” ಎಂದು ಶುರು ಮಾಡಿದ. “ಹೇಗೆ ತಪ್ಪು ಎನ್ನುವುದನ್ನು ಹೇಳುತ್ತೇನೆ.”

ಇಪ್ಪತ್ತು ನಿಮಿಷ ಮಾತಾಡಿದ. ಏನನ್ನೂ ಮುಚ್ಚಿಡಲಿಲ್ಲ. ಕೇಬಲ್ ಉದ್ದ ಬದಲಿಸಿದರೆ ಎರಡನೆಯ ಮಿಡಿತ ಎಷ್ಟು ತಡವಾಗಿ ಬರುತ್ತದೆ, ಎಷ್ಟು ತಡವಾದರೆ ಮೊದಲನೆಯದರ ಕೆಲಸ ಅಳಿಯುತ್ತದೆ, ಇನ್ನು ಅದನ್ನೇ ಅಳೆಯುತ್ತೇನೆ ಎಂದ. ಕೊನೆಗೆ ಇದನ್ನು ಕಂಡವರು ಅಲ್ಲಿದ್ದಾರೆ ಎಂದು ನನ್ನತ್ತ ಕೈ ತೋರಿಸಿದ. ಎಲ್ಲರೂ ತಿರುಗಿದರು. ಒಬ್ಬ ಹಿರಿಯರು, ಪರದೆಯನ್ನು ನೂರರವರೆಗೆ ಹಿಗ್ಗಿಸಿ ನೋಡಬೇಕೆಂದು ನಿಮಗೆ ಯಾಕೆ ಹೊಳೆಯಿತು ಎಂದು ಕೇಳಿದರು. ಹೊಳೆಯಲಿಲ್ಲ, ಬೆರಳಿಗೆ ಎಣ್ಣೆಯಾಗಿತ್ತು ಎಂದೆ. ಬಸ್ಸಿನಲ್ಲಿ ಮಾತಾಡದ ಆ ಜನ ಅಷ್ಟು ಜೋರಾಗಿ ನಗಬಲ್ಲರು ಎಂದು ನಾನು ಅಂದುಕೊಂಡಿರಲಿಲ್ಲ.

ಚಪ್ಪಾಳೆ ಮುಗಿಯಿತು. ಚಹಾಕ್ಕೆ ಹೊರಗೆ ಬಂದೆವು. ನೋಡಿದರೆ ಪಡಸಾಲೆ ಖಾಲಿ. ಮುಂದಿನ ಸಾಲಿನ ಆ ಹಿರಿಯರು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದರು. ಉಳಿದವರು ಎಡಕ್ಕೂ ಬಲಕ್ಕೂ ಸರಸರ ನಡೆಯುತ್ತಿದ್ದರು. ಒಬ್ಬರ ಕೈಯಲ್ಲಿ ಆಗಲೇ ಅಳತೆಪಟ್ಟಿ ಇತ್ತು. ಎಲ್ಲರೂ ತಮ್ಮ ತಮ್ಮ ಕೇಬಲ್ ನೋಡಲು ಹೋಗಿದ್ದರು. ಮೂರು ಬಗೆಯ ಕೇಕಿನ ಮುಂದೆ ಉಳಿದವರು ಡಾನುಟೆ, ರಿಮಾಸ್, ಅಕ್ಕಾರು ಮತ್ತು ನಾನು. ಅಕ್ಕಾರು ಯಾವುದರಲ್ಲಿ ಮೊಟ್ಟೆಯಿಲ್ಲ ಎಂದು ವಿಚಾರಿಸುತ್ತಿದ್ದರು.

ನಾನು ತಟ್ಟೆ ಕೆಳಗಿಟ್ಟು ಫೋನು ತೆಗೆದೆ. ಜತ್ತದಲ್ಲಿ ಮಧ್ಯಾಹ್ನ ಕಳೆದಿತ್ತು. ನಮ್ಮ ಪ್ರಯೋಗಶಾಲೆಯ ಸಹಾಯಕರು ಸೊರಡಿಯ ಮಲ್ಲಪ್ಪ, ನಿವೃತ್ತಿಗೆ ಹತ್ತಿರವಾದವರು, ಕಾಲೇಜಿಗೆಲ್ಲ ಮಲ್ಲಪ್ಪ ಮಾಮಾ.

“ಮಾಮಾ, ನಮ್ಮ ಮಿಷನ್ನಿನಿಂದ ಹೊಂಟ ಕರೇ ಕೇಬಲ್ ಐತೆಲ್ಲ, ಅದ ಎಷ್ಟ ಉದ್ದ ಐತಿ, ಒಂದೀಟ ಅಳದ ಹೇಳ್ರಿ.”

“ಪಟ್ಟಿ ಕಪಾಟಿನ್ಯಾಗ ಐತ್ರಿ ಮ್ಯಾಡಮ್, ಕೀಲಿ ನಿಮ್ಮ ಕಡೆ. ಮೊಳದ್ಲೆ ಅಳದ್ರ ನಡೀತೈತೇನ್ರಿ?”

ನಡೆಯುತ್ತದೆ ಎಂದೆ. ಅವರು ಎಣಿಸುವುದು ಫೋನಿನಲ್ಲಿ ಕೇಳುತ್ತಿತ್ತು. ಆರು ಮೊಳ, ಬರೋಬರ. ಹೋಗಿ ಬರಲು ಇಪ್ಪತ್ತೇಳು ನ್ಯಾನೊಸೆಕೆಂಡು. ಜತ್ತದ ಪರದೆಯನ್ನು ನಾನೂ ಇಪ್ಪತ್ತಕ್ಕೇ ನಿಲ್ಲಿಸಿ ಮೂರು ವರ್ಷ ನೋಡಿದ್ದೆ.

ಅಕ್ಕಾರು ನನ್ನ ಮುಖ ನೋಡಿದರು. ಲೆಕ್ಕ ಕೇಳಲಿಲ್ಲ.

“ಹಂಗಾರ ನಮ್ಮ ದ್ರಾಕ್ಷೀನೂ ಮತ್ತ ಮೊದಲಿಂದ ಅನ್ನು,” ಅಂದರು. ಮೊಟ್ಟೆಯಿಲ್ಲದ ಕೇಕಿನ ದೊಡ್ಡ ತುಂಡನ್ನು ಕೊಯ್ದು ನನ್ನ ತಟ್ಟೆಗೆ ಹಾಕಿದರು, ತಾವೊಂದು ತೆಗೆದುಕೊಂಡರು. ನನ್ನ ಫೋನಿನ ಮಾತು ತಿಳಿಯದಿದ್ದರೂ ನನ್ನ ಮುಖದ ಬಣ್ಣ ರಿಮಾಸ್‌ಗೆ ಚೆನ್ನಾಗಿ ತಿಳಿದಿತ್ತು. ಪಕ್ಕದ ಕುರ್ಚಿ ಎಳೆದು ಕುಳಿತು, ಎಷ್ಟು ಮೀಟರ್ ಎಂದು ಕೇಳಿದ. ಆರು ಮೊಳ ಎಂದೆ. ಅದನ್ನು ಅವನಿಗೆ ಅರ್ಥ ಮಾಡಿಸಲು ನಾನು ಕೈ ಚಾಚಿ, ಮೊಣಕೈಯಿಂದ ಬೆರಳತುದಿಯವರೆಗೆ ಅಳೆದು ತೋರಿಸಿದೆ.